‘ಬೇಡ’ ಎಂದು ಹೇಳಬಲ್ಲ ಸಂಘವನ್ನು ಸೇರು

ಮಗಳೇ,

ಅಳಿಯಂದಿರಿಗೆ ಎರಡು ವರ್ಷದ ಮಟ್ಟಿಗೆ ಬೆಂಗಳೂರಿನ ಆಫೀಸಿಗೆ ವರ್ಗವಾಗಿದೆ, ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಫ್ಲ್ಯಾಟ್ ಮಾರುವುದಿಲ್ಲ, ಬಾಡಿಗೆಗೆ ಕೊಟ್ಟು ಹೋಗುತ್ತೇವೆ ಎಂದು ನೀನು ಫೋನಿನಲ್ಲಿ ಹೇಳಿದೆ. ಮಾತಿನ ಕೊನೆಗೆ, ‘ಮಾವ, ಇಲ್ಲಿ ಮನೆ ಮಾಲೀಕರ ಸಂಘಗಳಿವೆಯಂತಲ್ಲ, ಸೇರಬೇಕಾ? ಯಾವುದಕ್ಕೆ ಸೇರಲಿ?’ ಎಂದೂ ಕೇಳಿದೆ. ಬಾಡಿಗೆದಾರರು ಒಳಗೆ ಕಾಲಿಡುವ ಮುಂಚೆ ಈ ಪ್ರಶ್ನೆ ಕೇಳುವವರು ಬಹಳ ಕಡಿಮೆ. ಅದಕ್ಕೇ ಫೋನಿನಲ್ಲಿ ಅರ್ಧಂಬರ್ಧ ಹೇಳುವುದು ಬೇಡವೆಂದು ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಅಳಿಯಂದಿರೂ ಓದಲಿ.

ಸೇರಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಯಾವುದಕ್ಕೆ ಎಂಬುದಕ್ಕೆ ನನ್ನ ಉತ್ತರ ಇಷ್ಟು: ನೀನು ತಪ್ಪು ಹೆಜ್ಜೆ ಇಡಲು ಹೊರಟಾಗ ಫೋನಿನ ಆ ಕಡೆಯಿಂದ ‘ಹಾಗೆ ಮಾಡಬೇಡಿ’ ಎಂದು ಮುಲಾಜಿಲ್ಲದೆ ಹೇಳಬಲ್ಲ ಸಂಘಕ್ಕೆ ಸೇರು. ಚಂದಾ ಎಷ್ಟು, ಸಂಘ ಎಷ್ಟು ದೊಡ್ಡದು, ಸದಸ್ಯರಿಗೆ ಏನೇನು ರಿಯಾಯಿತಿ ಎಂಬುದೆಲ್ಲ ಆಮೇಲಿನ ಲೆಕ್ಕ.

ಒಂದು ಫ್ಲ್ಯಾಟಿಗೆ ಸಂಘದ ಸದಸ್ಯತ್ವ ಯಾಕೆ ಎಂದು ಅಳಿಯಂದಿರಿಗೆ ಅನ್ನಿಸಬಹುದು. ಹತ್ತು ಮನೆಯವರಿಗಿಂತ ಒಂದು ಮನೆಯವರಿಗೇ ಅದು ಹೆಚ್ಚು ಬೇಕು. ಹತ್ತು ಮನೆ ಇಟ್ಟುಕೊಂಡವರಿಗೆ ಅದೇ ಕಸುಬು. ಅವರಿಗೆ ವಕೀಲರಿರುತ್ತಾರೆ, ಅಕೌಂಟೆಂಟ್ ಇರುತ್ತಾರೆ, ಕೌನ್ಸಿಲ್ ಕಚೇರಿಯಲ್ಲಿ ಪರಿಚಯದವರಿರುತ್ತಾರೆ. ನಿನಗೆ ನಿನ್ನ ಕೆಲಸ, ಮಗುವಿನ ಶಾಲೆ, ಊರು ಬದಲಾಯಿಸುವ ಗಡಿಬಿಡಿ. ಆದರೆ ಕಾನೂನು ಒಂದು ಮನೆಯವರನ್ನೂ ನೂರು ಮನೆಯವರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ.

ಕಾನೂನು ಎಂದೆನಲ್ಲ, ಅದು ಎಷ್ಟಿದೆ ನೋಡು. ಗ್ಯಾಸ್ ಇರುವ ಮನೆಯಾದರೆ ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ನೋಂದಣಿಯುಳ್ಳ ಎಂಜಿನಿಯರ್ ಬಂದು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ವೈರಿಂಗ್ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಮನೆಯ ಇಂಧನ ಪ್ರಮಾಣಪತ್ರದಲ್ಲಿ ಕನಿಷ್ಠ ‘ಇ’ ದರ್ಜೆ ಇರಬೇಕು. ಪ್ರತಿ ಮಹಡಿಯಲ್ಲಿ ಹೊಗೆಯ ಅಲಾರಂ, ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕು. ಈ ಎರಡನೆಯದನ್ನು 2022ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡಿದ್ದಾರೆ. ಮನೆಗೆ ಬರುವ ಪ್ರತಿ ವಯಸ್ಕರಿಗೂ ಈ ದೇಶದಲ್ಲಿ ಬಾಡಿಗೆಗಿರುವ ಹಕ್ಕಿದೆಯೇ ಎಂದು ಪಾಸ್‌ಪೋರ್ಟನ್ನೋ ಆನ್‌ಲೈನ್ ವೀಸಾ ದಾಖಲೆಯನ್ನೋ ನೋಡಿ ಖಚಿತ ಮಾಡಿಕೊಳ್ಳುವುದು ಇಂಗ್ಲೆಂಡಿನಲ್ಲಿ ಮಾಲೀಕರ ಹೊಣೆ. ಮೂರ್ನಾಲ್ಕು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಒಟ್ಟಿಗೆ ಬರುತ್ತೇವೆಂದರೆ, ಅದಕ್ಕೆ ಕೌನ್ಸಿಲ್ ಲೈಸೆನ್ಸ್ ಬೇಕೋ ಬೇಡವೋ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಕೆಲವು ಕೌನ್ಸಿಲ್‌ಗಳು ಮಾಮೂಲಿ ಸಂಸಾರಸ್ಥರ ಮನೆಗೂ ಲೈಸೆನ್ಸ್ ಕೇಳುತ್ತವೆ.

ಇದರ ಜೊತೆಗೆ 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಬಂದಿದೆ. 2025ರ ಅಕ್ಟೋಬರ್ 27ರಂದು ಅದಕ್ಕೆ ರಾಜಮುದ್ರೆ ಬಿತ್ತು. ಮುಖ್ಯ ಭಾಗದ ಜಾರಿ 2026ರ ಮೇ 1ರಿಂದ. 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕಾರಣ ಕೊಡದೆ ಮನೆ ಬಿಡಿಸುವ ದಾರಿಯಿತ್ತಲ್ಲ, ಅದು ಮುಚ್ಚಿತು. ಆರು ತಿಂಗಳು, ಒಂದು ವರ್ಷ ಎಂದು ಅವಧಿ ಕಟ್ಟಿ ಕರಾರು ಮಾಡುವ ಪದ್ಧತಿಯೂ ಹೋಯಿತು. ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು. ಬಾಡಿಗೆ ಏರಿಸುವುದು ವರ್ಷಕ್ಕೊಮ್ಮೆ ಮಾತ್ರ, ಅದೂ ಗೊತ್ತುಪಡಿಸಿದ ನಮೂನೆಯಲ್ಲಿ, ಎರಡು ತಿಂಗಳ ಮುಂಚೆ ತಿಳಿಸಿ. ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಒಂದು ಪೌಂಡ್ ಹೆಚ್ಚು ಕೊಡುತ್ತೇವೆಂದು ಅವರಾಗಿ ಬಂದರೂ ತೆಗೆದುಕೊಳ್ಳುವ ಹಾಗಿಲ್ಲ. ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಎಂದು ಕೇಳುವ ಹಾಗೂ ಇಲ್ಲ. ಸಣ್ಣ ತಪ್ಪಿಗೆ 7,000 ಪೌಂಡ್‌ವರೆಗೆ, ಗಂಭೀರ ತಪ್ಪಿಗೆ 40,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಕೌನ್ಸಿಲ್‌ಗಳಿಗಿದೆ.

ಇದನ್ನೆಲ್ಲ ಹೇಳಿದ್ದು ನಿನ್ನನ್ನು ಹೆದರಿಸುವುದಕ್ಕಲ್ಲ. ಈ ನಿಯಮಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಆದರೆ ಕೆಲಸಕ್ಕೆ ಹೋಗಿ ಬರುವ ಮನುಷ್ಯ ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು, ಬದಲಾದಾಗಲೆಲ್ಲ ತಿಳಿದುಕೊಳ್ಳುತ್ತ ಇರುವುದು ಆಗದ ಮಾತು. ಆ ಕೆಲಸವನ್ನು ನಿನ್ನ ಪರವಾಗಿ ಮಾಡುವುದೇ ಸಂಘ.

ಯಾವಾಗ ಸೇರಬೇಕು? ಮನೆ ಬಾಡಿಗೆಗಿದೆ ಎಂದು ಜಾಹೀರಾತು ಕೊಡುವ ಮುಂಚೆ. ನಮ್ಮವರು ಬಹಳ ಜನ ಮಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ. ಬಾಡಿಗೆ ನಿಂತು ಮೂರು ತಿಂಗಳಾದ ಮೇಲೆ ಸಂಘ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ತಪ್ಪು ಎಲ್ಲಿ ಆಗಬೇಕೋ ಅಲ್ಲಿ ಆಗಿಹೋಗಿರುತ್ತದೆ. ಜಾಹೀರಾತಿನ ಮಾತು, ಮೊದಲು ತೆಗೆದುಕೊಂಡ ಹಣ, ಕೊಟ್ಟ ಕಾಗದ, ಕೊಡದೆ ಬಿಟ್ಟ ಕಾಗದ, ಎಲ್ಲವೂ ಮೊದಲ ವಾರದಲ್ಲೇ ಮುಗಿದಿರುತ್ತವೆ.

ಡೆಪಾಸಿಟ್ ಒಂದನ್ನೇ ತೆಗೆದುಕೋ. ನೀನು ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಕಾಲ ನೋಡಿದವಳು. ಇಲ್ಲಿ ಅದನ್ನು ಮರೆತುಬಿಡು. 2019ರ ಜೂನ್ 1ರಿಂದ ಇಂಗ್ಲೆಂಡಿನಲ್ಲಿ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ತೆಗೆದುಕೊಳ್ಳುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡ್ ಮುಟ್ಟಿದರೆ ಮಾತ್ರ ಆರು ವಾರ. ನಿಮ್ಮ ಫ್ಲ್ಯಾಟಿಗೆ ತಿಂಗಳಿಗೆ 1,200 ಪೌಂಡ್ ಬಾಡಿಗೆ ಎಂದಿಟ್ಟುಕೊಳ್ಳೋಣ. ತಿಂಗಳ ಬಾಡಿಗೆಯನ್ನು ನಾಲ್ಕರಿಂದ ಭಾಗಿಸಿ ವಾರದ್ದು 300 ಎನ್ನಬೇಡ. ವರ್ಷಕ್ಕೆ 14,400, ಅದನ್ನು 52ರಿಂದ ಭಾಗಿಸಿದರೆ ವಾರಕ್ಕೆ 276 ಪೌಂಡ್ 92 ಪೆನ್ಸ್. ಐದು ವಾರಕ್ಕೆ 1,384 ಪೌಂಡ್ 61 ಪೆನ್ಸ್. ರೌಂಡಾಗಿರಲಿ ಎಂದು 1,500 ತೆಗೆದುಕೊಂಡರೆ ಕಾನೂನು ಮುರಿದಂತೆಯೇ.

ತೆಗೆದುಕೊಂಡ ಡೆಪಾಸಿಟ್ ನಿನ್ನ ಬ್ಯಾಂಕ್ ಖಾತೆಯಲ್ಲಿ ಸುಮ್ಮನೆ ಬಿದ್ದಿರುವಂತಿಲ್ಲ. ಸರ್ಕಾರ ಒಪ್ಪಿದ ಮೂರು ರಕ್ಷಣಾ ಯೋಜನೆಗಳಿವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವೀಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಇವುಗಳಲ್ಲಿ ಒಂದರಲ್ಲಿ 30 ದಿನದೊಳಗೆ ಅದಕ್ಕೆ ರಕ್ಷಣೆ ಮಾಡಿಸಬೇಕು. ಎಲ್ಲಿಟ್ಟಿದ್ದೇವೆ, ವಾಪಸ್ ಪಡೆಯುವುದು ಹೇಗೆ ಎಂಬ ವಿವರವನ್ನು ಅದೇ 30 ದಿನದೊಳಗೆ ಬಾಡಿಗೆದಾರರ ಕೈಗೆ ಕೊಡಬೇಕು. ಹಣ ಇಟ್ಟವರಲ್ಲಿ ಅನೇಕರು ಈ ಎರಡನೆಯದನ್ನು ಮರೆಯುತ್ತಾರೆ. ಎರಡರಲ್ಲಿ ಯಾವುದು ತಪ್ಪಿದರೂ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ದಂಡ ಕಟ್ಟಿಸಬಹುದು. ನಿನ್ನ ಲೆಕ್ಕಕ್ಕೆ ಮೂರು ಪಟ್ಟು ಎಂದರೆ 4,150 ಪೌಂಡ್ ದಾಟುತ್ತದೆ. ಸಂಘದ ಚಂದಾ ವರ್ಷಕ್ಕೆ ಸುಮಾರು ನೂರು ಪೌಂಡ್, ಅಂದರೆ ಹೆಚ್ಚುಕಮ್ಮಿ ಮೂರು ದಿನದ ಬಾಡಿಗೆ. ಅದನ್ನೂ ಬಾಡಿಗೆ ಆದಾಯದ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ತೋರಿಸಬಹುದು. ಹಣ ಉಳಿಸುವ ಜಾಗ ಇದಲ್ಲ.

ಈಗ ಸಂಘಗಳ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಮನೆ ಯಾವ ಸೀಮೆಯಲ್ಲಿದೆ ನೋಡು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ನಾಲ್ಕಕ್ಕೂ ಬಾಡಿಗೆ ಕಾನೂನು ಬೇರೆ ಬೇರೆ. ಸ್ಕಾಟ್ಲೆಂಡಿನಲ್ಲಿ ಮಾಲೀಕರು ನೋಂದಣಿ ಮಾಡಿಸಲೇಬೇಕು. ಅಲ್ಲಿನವರಿಗೆ ಸ್ಕಾಟಿಷ್ ಅಸೋಸಿಯೇಷನ್ ಆಫ್ ಲ್ಯಾಂಡ್‌ಲಾರ್ಡ್ಸ್ ಇದೆ. ವೇಲ್ಸ್‌ನಲ್ಲಿ ರೆಂಟ್ ಸ್ಮಾರ್ಟ್ ವೇಲ್ಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಮನೆಯನ್ನು ನೀವೇ ನೋಡಿಕೊಳ್ಳುವುದಾದರೆ ತರಬೇತಿ ಮುಗಿಸಿ ಲೈಸೆನ್ಸನ್ನೂ ಪಡೆಯಬೇಕು. ಎಡಿನ್‌ಬರೋದಲ್ಲಿರುವ ನಿನ್ನ ಸ್ನೇಹಿತೆ ಹೇಳಿದ್ದು ರೆಡಿಂಗ್‌ಗೆ ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮ್ಮವರು ಪ್ರೀತಿಯಿಂದ ಕೊಡುವ ಸಲಹೆಯ ದೊಡ್ಡ ತೊಂದರೆಯೇ ಇದು: ಹೇಳುವವರ ಮನೆ ಯಾವ ಸೀಮೆಯದು, ಅವರು ಬಾಡಿಗೆಗೆ ಕೊಟ್ಟಿದ್ದು ಯಾವ ವರ್ಷ ಎಂದು ಯಾರೂ ಕೇಳುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಸೇರಿದ ದೊಡ್ಡ ಸಂಘ ನ್ಯಾಷನಲ್ ರೆಸಿಡೆನ್ಷಿಯಲ್ ಲ್ಯಾಂಡ್‌ಲಾರ್ಡ್ಸ್ ಅಸೋಸಿಯೇಷನ್, ಎಲ್ಲರೂ ಎನ್‌ಆರ್‌ಎಲ್‌ಎ ಎನ್ನುತ್ತಾರೆ. ಮೊದಲು ಎರಡು ದೊಡ್ಡ ಸಂಘಗಳಿದ್ದವು. ಅದರಲ್ಲೊಂದು 1973ರಲ್ಲಿ ಸಣ್ಣ ಮಾಲೀಕರ ಸಂಘವಾಗಿಯೇ ಹುಟ್ಟಿದ್ದು. 2020ರಲ್ಲಿ ಎರಡೂ ಕೂಡಿ ಈ ಸಂಘವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಫೋನ್ ಸಲಹೆ, ಕರಾರು ಪತ್ರಗಳ ಮಾದರಿ, ತರಬೇತಿ, ಸದಸ್ಯರು ಪಾಲಿಸಬೇಕಾದ ನಡತೆಯ ನಿಯಮಾವಳಿ, ಎಲ್ಲವೂ ಇವೆ. ಇದಲ್ಲದೆ ಪ್ರಾಂತೀಯ ಸಂಘಗಳಿವೆ. ದಕ್ಷಿಣದಲ್ಲಿ ಐಹೌಸ್ ಇದೆ, ಮೊದಲು ಸದರ್ನ್ ಲ್ಯಾಂಡ್‌ಲಾರ್ಡ್ಸ್ ಅಸೋಸಿಯೇಷನ್ ಎಂಬ ಹೆಸರಿತ್ತು. ಪೂರ್ವದ ಕಡೆ ಈಸ್ಟರ್ನ್ ಲ್ಯಾಂಡ್‌ಲಾರ್ಡ್ಸ್ ಅಸೋಸಿಯೇಷನ್ ಇದೆ. ದೊಡ್ಡ ಸಂಘಕ್ಕೆ ಸರ್ಕಾರದ ಮಟ್ಟದಲ್ಲಿ ದನಿ ಇರುತ್ತದೆ, ಸಲಹೆಗಾರರೂ ಹೆಚ್ಚು. ಚಿಕ್ಕ ಸಂಘಕ್ಕೆ ನಿಮ್ಮ ಕೌನ್ಸಿಲ್ ಯಾವ ರಸ್ತೆಗೆ ಯಾವ ಲೈಸೆನ್ಸ್ ಕೇಳುತ್ತದೆ ಎಂಬುದು ಗೊತ್ತಿರುತ್ತದೆ. ಇಂಥದ್ದೇ ಎಂದು ನಾನು ಹೇಳುವುದಿಲ್ಲ. ಎರಡು ಮೂರನ್ನು ಪರೀಕ್ಷೆ ಮಾಡಿ ನೀನೇ ಆರಿಸಿಕೋ. ಪರೀಕ್ಷೆ ಹೇಗೆ ಎಂದು ಹೇಳುತ್ತೇನೆ.

ಮೊದಲನೆಯದು ಕರಾರು ಪತ್ರದ ಮಾದರಿ. ಸದಸ್ಯರಿಗೆ ಕೊಡುವ ಮಾದರಿ ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ಕೇಳು. ಒಳ್ಳೆಯ ಸಂಘ ಪತ್ರದ ಮೇಲೆಯೇ ತಾರೀಖು ಹಾಕಿರುತ್ತದೆ. 2026ರ ಮೇ ತಿಂಗಳ ನಂತರ ಕೊಡುವ ಮಾದರಿಯಲ್ಲಿ ‘ಹನ್ನೆರಡು ತಿಂಗಳ ಅವಧಿಗೆ’ ಎಂದೋ ‘21ನೇ ಸೆಕ್ಷನ್ ಪ್ರಕಾರ’ ಎಂದೋ ಕಂಡರೆ ಮುಂದಿನ ಪುಟ ತಿರುಗಿಸಲೂ ಬೇಡ. ಮನೆಗೆ ಬೀಗ ಹಾಕಿ ಹೊರಡುವ ಅವಸರದಲ್ಲಿ ಯಾರೋ ಕೊಟ್ಟ ಹಳೆಯ ಕರಾರಿನಲ್ಲಿ ಹೆಸರು ಬದಲಾಯಿಸಿ ಸಹಿ ಹಾಕಿಸಬೇಡ. ಬೆಂಗಳೂರಿನ ಹನ್ನೊಂದು ತಿಂಗಳ ಅಗ್ರಿಮೆಂಟ್ ಬೇರೆ, ಇದು ಬೇರೆ.

ಎರಡನೆಯದು ಸಹಾಯವಾಣಿ. ನನ್ನ ಮಟ್ಟಿಗೆ ಸಂಘದ ಜೀವ ಇರುವುದು ಇಲ್ಲಿಯೇ. ಫೋನ್ ಎತ್ತುವವರು ಯಾರು? ಬಾಡಿಗೆ ಕಾನೂನು ಕಲಿತ ಸಲಹೆಗಾರರೋ, ಉತ್ತರ ಬರೆದಿಟ್ಟುಕೊಂಡು ಓದುವವರೋ? ವರ್ಷಕ್ಕೆ ಇಷ್ಟೇ ಕರೆ ಎಂಬ ಮಿತಿ ಇದೆಯೋ? ಕೇಳಿದ್ದಕ್ಕೆ ಆಮೇಲೆ ಇಮೇಲ್‌ನಲ್ಲಿ ಉತ್ತರ ಬರೆದು ಕೊಡುತ್ತಾರೋ? ಬೆಂಗಳೂರಿನಿಂದ ಮಾಡಿದ ಕರೆ ಹೋಗುತ್ತದೋ? ಸಮಯ ನಿನಗೆ ಅನುಕೂಲವಾಗಿಯೇ ಇದೆ. ಇಲ್ಲಿ ಸಂಜೆ ಐದಕ್ಕೆ ಕಚೇರಿ ಮುಚ್ಚಿದರೂ ಬೇಸಿಗೆಯಲ್ಲಿ ಅಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಮಗುವನ್ನು ಮಲಗಿಸಿ ಫೋನ್ ಮಾಡಬಹುದು.

ಒಳ್ಳೆಯ ಸಲಹೆಗಾರರು ಹೇಗೆ ಮಾತಾಡುತ್ತಾರೆ ಎಂಬುದನ್ನು ಹೇಳಿದರೆ ನಿನಗೆ ಗುರುತು ಸಿಗುತ್ತದೆ. ಬಾಡಿಗೆ ಎರಡು ತಿಂಗಳಿಂದ ಬಂದಿಲ್ಲ, ಫೋನ್ ಎತ್ತುತ್ತಿಲ್ಲ, ನನ್ನ ಹತ್ತಿರ ಇನ್ನೊಂದು ಬೀಗದ ಕೈ ಇದೆ, ಹೋಗಿ ಒಳಗೆ ನೋಡಲೇ ಎಂದು ಮಾಲೀಕರೊಬ್ಬರು ಕೇಳುತ್ತಾರೆ ಅನ್ನು. ಸಲಹೆಗಾರರು ತಕ್ಷಣ ಉತ್ತರ ಕೊಡುವುದಿಲ್ಲ. ಕರಾರು ಯಾವ ತಾರೀಖಿನದು, ಡೆಪಾಸಿಟ್ ಯಾವ ಯೋಜನೆಯಲ್ಲಿದೆ, ವಿವರ ಕೊಟ್ಟಿದ್ದು ಯಾವತ್ತು, ಬಾಕಿ ನಿಖರವಾಗಿ ಎಷ್ಟು ಎಂದು ಒಂದೊಂದೇ ಕೇಳಿಕೊಳ್ಳುತ್ತಾರೆ. ಆಮೇಲೆ ಸ್ಪಷ್ಟವಾಗಿ ಹೇಳುತ್ತಾರೆ: ಒಳಗೆ ಹೋಗಬೇಡಿ. ಮನೆಯ ಸ್ಥಿತಿ ನೋಡಲು ಕೂಡ ಕನಿಷ್ಠ 24 ಗಂಟೆ ಮುಂಚೆ ಬರೆದು ತಿಳಿಸಬೇಕು, ಅವರು ಒಪ್ಪಬೇಕು. ಬೀಗ ಬದಲಾಯಿಸುವ ಯೋಚನೆಯಂತೂ ಬೇಡವೇ ಬೇಡ. ಬಾಡಿಗೆದಾರರನ್ನು ಬಲವಂತವಾಗಿ ಹೊರಹಾಕುವುದನ್ನು ತಡೆಯುವ 1977ರ ಕಾಯ್ದೆಯ ಪ್ರಕಾರ ಅದು ಕ್ರಿಮಿನಲ್ ಅಪರಾಧ. ಮೊದಲು ಒಂದು ಸೌಜನ್ಯದ ಪತ್ರ ಬರೆಯಿರಿ. ಕೆಲಸ ಹೋಗಿದೆಯೋ ಆರೋಗ್ಯ ಕೆಟ್ಟಿದೆಯೋ ವಿಚಾರಿಸಿ. ಕಂತಿನಲ್ಲಿ ಕೊಡುತ್ತಾರೋ ಕೇಳಿ. ಬಾಕಿ ಕಾರಣಕ್ಕೆ ಮನೆ ವಾಪಸ್ ಕೇಳುವ ಮುಖ್ಯ ದಾರಿಗೆ ಹೊಸ ಕಾಯ್ದೆಯಲ್ಲಿ ಮೂರು ತಿಂಗಳ ಬಾಕಿ ಆಗಿರಬೇಕು, ನಾಲ್ಕು ವಾರದ ನೋಟಿಸ್ ಬೇಕು. ಅಲ್ಲಿಯವರೆಗೆ ಮಾತು, ಪತ್ರ ಎಲ್ಲವನ್ನೂ ತಾರೀಖು ಹಾಕಿ ಇಟ್ಟುಕೊಳ್ಳಿ.

ಕರೆ ಮಾಡಿದವರಿಗೆ ಈ ಉತ್ತರ ರುಚಿಸುವುದಿಲ್ಲ. ಆದರೆ ಅವರನ್ನು ಕಟಕಟೆಯಿಂದ ದೂರ ಇಟ್ಟಿದ್ದು ಈ ಉತ್ತರವೇ. ‘ನಿಮ್ಮ ಮನೆ, ನಿಮ್ಮಿಷ್ಟ’ ಎನ್ನುವ ಸಂಘ ಆ ಗಳಿಗೆಗೆ ಹಿತವಾಗಿ ಕಾಣುತ್ತದೆ. ಅದರಿಂದಾಗುವ ನಷ್ಟಕ್ಕೆ ಆ ಸಂಘ ಹೊಣೆಯಲ್ಲ, ನೀನು ಹೊಣೆ.

ಮೂರನೆಯದು, ಸಂಘ ಯಾರ ಕೈಯಲ್ಲಿದೆ ಎಂಬುದು. ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ದಾಖಲೆಯಲ್ಲಿ ಹೆಸರು ಹುಡುಕು, ಕಾಸು ಖರ್ಚಿಲ್ಲ. ಸದಸ್ಯರೇ ಕೂಡಿ ನಡೆಸುವ, ಲಾಭ ಹಂಚಿಕೊಳ್ಳದ ಸಂಸ್ಥೆಯೋ, ಒಬ್ಬಿಬ್ಬರ ಖಾಸಗಿ ವ್ಯಾಪಾರವೋ ಗೊತ್ತಾಗುತ್ತದೆ. ನಿರ್ದೇಶಕರು ಯಾರು, ಲೆಕ್ಕಪತ್ರ ಹೊತ್ತಿಗೆ ಸರಿಯಾಗಿ ಸಲ್ಲಿಸಿದ್ದಾರೋ ಅದೂ ಇರುತ್ತದೆ. ಖಾಸಗಿ ವ್ಯಾಪಾರವೆಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಅದನ್ನು ತಿಳಿದು ಸೇರಬೇಕು. ಸದಸ್ಯತ್ವ ಪೂರ್ತಿ ಉಚಿತ ಎಂದರೆ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂದು ಕೇಳು. ವಿಮೆ, ಬಾಡಿಗೆದಾರರ ಪೂರ್ವಾಪರ ಪರಿಶೀಲನೆ, ಮನೆ ಬಿಡಿಸುವ ವಕೀಲಿ ಸೇವೆ ಇವುಗಳ ಮಾರಾಟದಿಂದಲೇ ಬದುಕುವ ಸಂಘಕ್ಕೆ, ನಿನಗೆ ಬೇಡದ್ದನ್ನು ಬೇಡ ಎನ್ನುವ ಧೈರ್ಯ ಬರುವುದು ಕಷ್ಟ. ವಿಮೆಯಲ್ಲಿ ಹತ್ತಿಪ್ಪತ್ತು ಪೌಂಡ್ ರಿಯಾಯಿತಿ ಸಿಗುತ್ತದೆಂದು ಸಂಘ ಆರಿಸಬೇಡ.

ನಾಲ್ಕನೆಯದು, ಸದಸ್ಯರಿಗೆ ನಿಯಮ ಇದೆಯೋ ಎಂಬುದು. ಸದಸ್ಯರು ತಪ್ಪಿ ನಡೆದರೆ ದೂರು ಯಾರು ಕೇಳುತ್ತಾರೆ, ಹೊರಗೆ ಹಾಕುವ ಅಧಿಕಾರ ಇದೆಯೇ? ಹಣ ಕೊಟ್ಟವರೆಲ್ಲ ಒಳಗೆ, ಏನು ಮಾಡಿದರೂ ಒಳಗೆ ಎಂದರೆ ಆ ಸದಸ್ಯತ್ವಕ್ಕೆ ಬೆಲೆಯಿಲ್ಲ. ಇದರ ಜೊತೆಗೆ ತರಬೇತಿ ಪಡೆದು ಮಾನ್ಯತೆ ಗಳಿಸುವ ಅವಕಾಶ ಇದೆಯೇ ನೋಡು. ದೊಡ್ಡ ಸಂಘದಲ್ಲಿ ಇದೆ. ಲಂಡನ್ನಿನ ಕೌನ್ಸಿಲ್‌ಗಳು ಸೇರಿ ನಡೆಸುವ ಲಂಡನ್ ಲ್ಯಾಂಡ್‌ಲಾರ್ಡ್ ಅಕ್ರೆಡಿಟೇಷನ್ ಸ್ಕೀಮ್ ಒಂದು ದಿನದ ಪಾಠದಲ್ಲಿ ಮುಖ್ಯವಾದದ್ದನ್ನೆಲ್ಲ ಹೇಳಿಕೊಡುತ್ತದೆ. ಮಾನ್ಯತೆ ಪಡೆದವರಿಗೆ ಲೈಸೆನ್ಸ್ ಶುಲ್ಕದಲ್ಲಿ ರಿಯಾಯಿತಿ ಕೊಡುವ ಕೌನ್ಸಿಲ್‌ಗಳೂ ಇವೆ. ನೀವು ಹೊರಡುವ ಮುಂಚೆ ಒಬ್ಬರಾದರೂ ಇಂಥ ಪಾಠ ಮುಗಿಸಿ.

ಸಾಧ್ಯವಾದರೆ ಒಂದು ಸಭೆಗೂ ಹೋಗಿ ಬಾ. ಸಂಘಗಳು ಊರೂರಿನಲ್ಲಿ ಸಂಜೆ ಹೊತ್ತು ಸಭೆ ಕರೆಯುತ್ತವೆ, ಆನ್‌ಲೈನಿನಲ್ಲೂ ನಡೆಸುತ್ತವೆ. ನಾನು ಹೋಗುವ ಸಭೆಯಲ್ಲಿ ಒಂದೇ ಫ್ಲ್ಯಾಟ್ ಇರುವ ನಿವೃತ್ತ ಮೇಡಂ ಇದ್ದಾರೆ, ತಂದೆಯ ಮನೆ ಪಾಲಿಗೆ ಬಂದ ಟ್ಯಾಕ್ಸಿ ಚಾಲಕರಿದ್ದಾರೆ, ನಮ್ಮ ಹಾಗೆ ಬೇರೆ ದೇಶದಿಂದ ಬಂದು ನೆಲೆಯಾದವರಿದ್ದಾರೆ. ಕೌನ್ಸಿಲ್‌ನ ವಸತಿ ಅಧಿಕಾರಿ ಬಂದಾಗ ಎಲ್ಲರೂ ಚೀಟಿಯಲ್ಲಿ ಬರೆದುಕೊಂಡ ಪ್ರಶ್ನೆ ಕೇಳುತ್ತಾರೆ. ಬಾತ್‌ರೂಮಿನ ಗೋಡೆಗೆ ಬೂಷ್ಟು ಬಂದರೆ ಹೊಣೆ ಯಾರದು ಎಂದು ಒಬ್ಬರು ಕೇಳಿದಾಗ, ಬಾಡಿಗೆದಾರರು ಕಿಟಕಿ ತೆಗೆಯುವುದಿಲ್ಲ ಎಂದು ಹಾರಿಕೆಯ ಮಾತಾಡದೆ, ಗಾಳಿ ಹೊರಹಾಕುವ ಫ್ಯಾನ್ ಕೆಲಸ ಮಾಡುತ್ತಿದೆಯೇ, ಗೋಡೆಯ ಹೊರಗೆ ನೀರು ಸೋರುತ್ತಿದೆಯೇ ಮೊದಲು ನೋಡಿ ಎಂದು ಸಂಘದವರೇ ಹೇಳಿದರು. ಆ ಒಂದು ಮಾತಿನಲ್ಲಿ ಸಂಘದ ಗುಣ ಗೊತ್ತಾಯಿತು. ಬಾಡಿಗೆದಾರರನ್ನು ಆಡಿಕೊಳ್ಳುವುದಕ್ಕೇ ಸೇರುವ ಸಭೆಯಾದರೆ ಕಾಫಿ ಕುಡಿದು ಎದ್ದು ಬಾ, ಮತ್ತೆ ಹೋಗಬೇಡ.

ಇನ್ನು, ಸಂಘ ಏನಲ್ಲ ಎಂಬುದೂ ಗೊತ್ತಿರಬೇಕು. ಸಂಘ ಬಾಡಿಗೆ ವಸೂಲಿ ಮಾಡುವುದಿಲ್ಲ, ಬಾಯ್ಲರ್ ರಿಪೇರಿಗೆ ಓಡುವುದಿಲ್ಲ, ಚಂದಾ ಕಟ್ಟಿದ ಮಾತ್ರಕ್ಕೆ ಕೋರ್ಟಿನಲ್ಲಿ ನಿನ್ನ ಪರ ನಿಲ್ಲುವುದಿಲ್ಲ. ಡೆಪಾಸಿಟ್ ಯೋಜನೆ ಬೇರೆ, ಕೌನ್ಸಿಲ್ ಲೈಸೆನ್ಸ್ ಬೇರೆ. ಹೊಸ ಕಾಯ್ದೆ ಪ್ರಕಾರ ಮುಂದಿನ ಹಂತಗಳಲ್ಲಿ ಪ್ರತಿ ಮಾಲೀಕರೂ ಸರ್ಕಾರದ ದತ್ತಸಂಚಯದಲ್ಲಿ ಹೆಸರು ಬರೆಸಬೇಕು, ದೂರು ಕೇಳುವ ಓಂಬುಡ್ಸ್‌ಮನ್ ವ್ಯವಸ್ಥೆಗೂ ಸೇರಬೇಕು. ಸಂಘದ ಸದಸ್ಯರಾದ ಮಾತ್ರಕ್ಕೆ ಇವು ಯಾವುವೂ ಆದಂತಲ್ಲ. ಹಾಗೆಯೇ ಪ್ರಾಪರ್ಟಿಮಾರ್ಕ್ ಎಂಬುದು ಏಜೆಂಟರ ಸಂಸ್ಥೆ, ಮಾಲೀಕರದ್ದಲ್ಲ. ನೀವಿಬ್ಬರೂ ದೂರ ಇರುವವರಾದ್ದರಿಂದ ಮನೆ ನೋಡಿಕೊಳ್ಳಲು ಏಜೆಂಟ್ ಬೇಕಾಗುತ್ತದೆ. ಅವರು ದೂರು ಪರಿಹಾರ ಯೋಜನೆಯ ಸದಸ್ಯರೋ, ಗಿರಾಕಿಗಳ ಹಣಕ್ಕೆ ರಕ್ಷಣೆ ಮಾಡಿಸಿದ್ದಾರೋ ನೋಡಿಯೇ ಒಪ್ಪಿಸು. ಎರಡೂ ಕಾನೂನಿನಲ್ಲಿ ಕಡ್ಡಾಯ. ಏಜೆಂಟ್ ಇದ್ದಾರಲ್ಲ, ಸಂಘ ಯಾಕೆ ಎನ್ನಬೇಡ. ಏಜೆಂಟ್ ತಪ್ಪಿದರೂ ಬಹಳಷ್ಟು ಸಲ ದಂಡದ ಕಾಗದ ಬರುವುದು ಮಾಲೀಕರ ಹೆಸರಿಗೇ. ಏಜೆಂಟ್ ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳಲು ಏಜೆಂಟ್ ಅಲ್ಲದ ಒಬ್ಬರು ಬೇಕು.

ಪರದೇಶಕ್ಕೆ ಹೋಗುವವರಾದ್ದರಿಂದ ನಿಮಗೆ ಕೆಲವು ವಿಶೇಷ ಪ್ರಶ್ನೆಗಳಿವೆ. ಸಂಘಕ್ಕೆ ಸೇರಿದ ವಾರವೇ ಇವನ್ನು ಕೇಳಿ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ, ನಿಮ್ಮನ್ನು ಅನಿವಾಸಿ ಮಾಲೀಕರೆಂದು ಕಾಣುತ್ತದೆ. ಎಚ್‌ಎಂಆರ್‌ಸಿಯಿಂದ ಮುಂಚಿತವಾಗಿ ಒಪ್ಪಿಗೆ ಪಡೆಯದಿದ್ದರೆ ಏಜೆಂಟ್ ಬಾಡಿಗೆಯಲ್ಲಿ ಶೇ 20ರ ಲೆಕ್ಕದಲ್ಲಿ ತೆರಿಗೆ ಹಿಡಿದುಕೊಂಡೇ ಉಳಿದದ್ದು ಕೊಡಬೇಕು. ಮನೆ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು. ಇನ್ನೊಂದು, ಬಾಡಿಗೆದಾರರು ನೋಟಿಸ್ ಕಳಿಸಲು ಇಂಗ್ಲೆಂಡ್ ಅಥವಾ ವೇಲ್ಸ್‌ನೊಳಗಿನ ಒಂದು ವಿಳಾಸ ಕೊಟ್ಟಿರಲೇಬೇಕು. ಜಯನಗರದ ವಿಳಾಸ ನಡೆಯುವುದಿಲ್ಲ. ಆ ವಿಳಾಸ ಕೊಡುವವರೆಗೆ ಬಾಡಿಗೆ ಕೇಳುವ ಹಕ್ಕೇ ಹುಟ್ಟುವುದಿಲ್ಲ. ನನ್ನ ವಿಳಾಸ ಕೊಡು, ಬಂದ ಕಾಗದ ಅದೇ ದಿನ ಕಳಿಸುತ್ತೇನೆ. ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ, ಲೀಸ್‌ಹೋಲ್ಡ್ ಫ್ಲ್ಯಾಟಾದ್ದರಿಂದ ಮೂಲ ಒಡೆಯರ ಅನುಮತಿ, ಬಾಡಿಗೆ ಮನೆಗೆಂದೇ ಇರುವ ವಿಮೆ, ಈ ಮೂರೂ ಬರಹದಲ್ಲಿ ಕೈಗೆ ಬಂದ ಮೇಲೆಯೇ ಜಾಹೀರಾತು.

ವಾಪಸ್ ಬರುವಾಗಿನ ಮಾತನ್ನು ಈಗಲೇ ಯೋಚಿಸು. ನಾವೇ ಇರಬೇಕು ಎಂಬ ಕಾರಣಕ್ಕೆ ಮನೆ ವಾಪಸ್ ಕೇಳಬಹುದು, ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಮೊದಲ ಹನ್ನೆರಡು ತಿಂಗಳಲ್ಲಿ ಬಿಡಿಸುವಂತಿಲ್ಲ, ನಾಲ್ಕು ತಿಂಗಳ ನೋಟಿಸ್ ಬೇಕು, ಆ ಕಾರಣ ಹೇಳಿ ಬಿಡಿಸಿಕೊಂಡ ಮೇಲೆ ಒಂದು ವರ್ಷ ಮತ್ತೆ ಬಾಡಿಗೆಗೆ ಕೊಡುವಂತಿಲ್ಲ. ಅವರಾಗಿ ಬಿಡದಿದ್ದರೆ ಕೋರ್ಟಿನ ದಾರಿ, ಅದಕ್ಕೆ ಇನ್ನಷ್ಟು ತಿಂಗಳು. ಆದ್ದರಿಂದ ವಿಮಾನದ ಟಿಕೆಟ್ ತೆಗೆದ ಮೇಲೆ ನೋಟಿಸ್ ಕೊಡುವುದಲ್ಲ. ಹಿಂತಿರುಗುವ ತಿಂಗಳು ಗೊತ್ತಾದ ದಿನವೇ ಸಂಘಕ್ಕೆ ಫೋನ್ ಮಾಡಿ, ಯಾವ ನಮೂನೆ, ಯಾವ ತಾರೀಖು ಎಂದು ಕೇಳಿ. ಮನೆಗೆ ಬರುವವರಿಗೂ ಮೊದಲೇ ಹೇಳಿ, ಎರಡು ವರ್ಷಕ್ಕೆ ನಾವು ಬರುವ ಯೋಚನೆಯಿದೆ ಎಂದು. ಅವರೂ ಸಂಸಾರ ಕಟ್ಟಿಕೊಂಡವರು, ಮಕ್ಕಳ ಶಾಲೆ ನೋಡಿಕೊಳ್ಳಬೇಕು.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ‘ನಮ್ಮವರಿಗೆ ಮಾತ್ರ ಕೊಡೋಣ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ’ ಎಂದು ನಿಮ್ಮತ್ತೆ ಹೇಳಿದರಂತೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಹಾಗೆ ಮಾಡಬೇಡ. 2017ರಲ್ಲಿ ಕೆಂಟ್ ಸೀಮೆಯ ದೊಡ್ಡ ಮಾಲೀಕರೊಬ್ಬರು, ಮನೆಯಲ್ಲಿ ‘ಕರಿ’ಯ, ಅಂದರೆ ಮಸಾಲೆ ಅಡುಗೆಯ, ವಾಸನೆ ಉಳಿಯುತ್ತದೆ ಎಂಬ ಕಾರಣಕ್ಕೆ ಭಾರತ, ಪಾಕಿಸ್ತಾನದ ಮೂಲದವರಿಗೆ ಮನೆ ಕೊಡಬೇಡಿ ಎಂದು ಏಜೆಂಟರಿಗೆ ಹೇಳಿದ್ದು ಕೋರ್ಟಿಗೆ ಹೋಯಿತು. ಅದು ಕಾನೂನುಬಾಹಿರ ಎಂದು ತೀರ್ಪಾಯಿತು. ಆ ತೀರ್ಪು ಬಂದ ದಿನ ನಾವೆಲ್ಲ ನಮಗೆ ನ್ಯಾಯ ಸಿಕ್ಕಿತೆಂದು ಹೇಳಿಕೊಂಡೆವು. ಅದೇ ನ್ಯಾಯ ನಮ್ಮ ಮನೆಯ ಬಾಗಿಲಿಗೂ ಇರಬೇಕು. ಜನಾಂಗ ನೋಡಿ ಬೇಡ ಎನ್ನುವುದನ್ನು 2010ರ ಸಮಾನತೆ ಕಾಯ್ದೆ ಒಪ್ಪುವುದಿಲ್ಲ. ಮಕ್ಕಳಿದ್ದಾರೆ, ಸರ್ಕಾರದ ನೆರವು ಪಡೆಯುತ್ತಾರೆ ಎಂದು ಬೇಡ ಎನ್ನುವುದನ್ನು ಹೊಸ ಕಾಯ್ದೆಯೂ ಒಪ್ಪುವುದಿಲ್ಲ. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಹಿಂದಿನ ಮನೆಯವರು ಏನು ಹೇಳುತ್ತಾರೆ, ಇದಿಷ್ಟನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ನೋಡು. ನಾವು ಈ ದೇಶಕ್ಕೆ ಬಂದಾಗ ಎಲ್ಲರೂ ಬಾಡಿಗೆದಾರರೇ ಆಗಿದ್ದೆವು. ಸ್ಥಿತಿವಂತರಾದ ಮೇಲೆ ಅದನ್ನು ಮರೆಯಬಾರದು.

ಸಂಘ ಸೇರುವುದರ ಅರ್ಥವೂ ಅದೇ. ಬಾಡಿಗೆದಾರರ ವಿರುದ್ಧ ಬಲ ಕೂಡಿಸಿಕೊಳ್ಳುವುದಕ್ಕೆ ಸಂಘ ಬೇಕಾಗಿಲ್ಲ. ಕೈಯಲ್ಲಿ ಮನೆ ಇರುವವರ ಬಲ ಮೊದಲೇ ಹೆಚ್ಚು. ಆ ಬಲವನ್ನು ನ್ಯಾಯದ ಗೆರೆಯೊಳಗೆ ಇಟ್ಟುಕೊಳ್ಳುವುದಕ್ಕೆ, ಗೆರೆ ಎಲ್ಲಿದೆ ಎಂದು ಹೇಳುವವರು ಒಬ್ಬರಿರಲಿ ಎಂದು ಸಂಘ ಬೇಕು. ಗ್ಯಾಸ್ ಪರೀಕ್ಷೆ ತಪ್ಪಿಸದ, ರಿಪೇರಿಗೆ ಸತಾಯಿಸದ, ಡೆಪಾಸಿಟ್ ನುಂಗದ ಮಾಲೀಕರ ಮನೆಯಲ್ಲಿ ಜನ ವರ್ಷಗಟ್ಟಲೆ ನಿಲ್ಲುತ್ತಾರೆ. ಖಾಲಿ ಬಿದ್ದ ಒಂದು ತಿಂಗಳ ನಷ್ಟಕ್ಕಿಂತ ಇದು ಎಷ್ಟೋ ಮೇಲು.

ಹಾಗಾದರೆ ಈ ವಾರ ಮಾಡಬೇಕಾದದ್ದು ಹೇಳುತ್ತೇನೆ. ನಿಮ್ಮ ಕೌನ್ಸಿಲ್‌ಗೆ ಫೋನ್ ಮಾಡಿ ನಿಮ್ಮ ರಸ್ತೆಗೆ ಲೈಸೆನ್ಸ್ ಬೇಕೋ ಕೇಳು. ಎರಡು ಮೂರು ಸಂಘಗಳಿಗೆ ಸದಸ್ಯಳಾಗುವ ಮುಂಚೆಯೇ ಕರೆ ಮಾಡಿ, ‘ನಾವು ಎರಡು ವರ್ಷಕ್ಕೆ ಭಾರತಕ್ಕೆ ಹೋಗುತ್ತಿದ್ದೇವೆ, ಫ್ಲ್ಯಾಟ್ ಬಾಡಿಗೆಗೆ ಕೊಡುವಾಗ ಮಾಡಬಾರದ ತಪ್ಪು ಯಾವುದು?’ ಎಂಬ ಒಂದೇ ಪ್ರಶ್ನೆ ಎಲ್ಲರಿಗೂ ಕೇಳು. ಎಲ್ಲರ ಉತ್ತರವನ್ನೂ ಒಂದು ಹಾಳೆಯಲ್ಲಿ ಬರೆದುಕೋ. ನಿನಗೆ ಇಷ್ಟವಾಗದ ಮಾತನ್ನು ತಾಳ್ಮೆಯಿಂದ, ಕಾರಣ ಕೊಟ್ಟು ಹೇಳಿದವರು ಯಾರೋ ಅವರಿಗೆ ಚಂದಾ ಕಟ್ಟು. ಅದು ಮುಗಿಯುವವರೆಗೆ ಯಾರ ಕೈಗೂ ಬೀಗದ ಕೈ ಕೊಡಬೇಡ.